ಓದುಗರ ಪ್ರಶ್ನೆ: ‘ಡಿವೈಸ್ 2725’ ಎಂದರೆ ಯಾರು?

(ಆದೇಶಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಅಚ್ಚು ಮಾಡಿದ್ದೇವೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿಯೇ ಬರೆಯಬೇಕು.)

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮ ಕನ್ನಡ ಬಳಗದ ಮಕ್ಕಳಿಗೆ ಸಂಜೆಯ ಹೊತ್ತು ಕಂಪ್ಯೂಟರ್ ಪಾಠ ಹೇಳುತ್ತೇವೆ. ಕಚೇರಿಯೊಂದು ದಾನವಾಗಿ ಕೊಟ್ಟ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಡೆಬಿಯನ್ 10 (ಲಿನಕ್ಸಿನ ಒಂದು ಬಗೆ) ಇದೆ. ಕೋಣೆಯಲ್ಲಿ ತಂತಿ ಎಳೆಯುವಂತಿಲ್ಲವಾದ್ದರಿಂದ ಲ್ಯಾಮಿಂಗ್ಟನ್ ರಸ್ತೆಯಿಂದ ಇಂಟೆಲ್ ಎಎಕ್ಸ್210 ವೈ-ಫೈ ಕಾರ್ಡ್ ತಂದು ಒಂದು ಯಂತ್ರಕ್ಕೆ ಹಾಕಿದೆ. ಯಂತ್ರದೊಳಗಿನ ಕಾರ್ಡುಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಪಿಸಿಐ’ ಆದೇಶ ಕೊಟ್ಟಾಗ ‘ಇಂಟೆಲ್ ಕಾರ್ಪೊರೇಷನ್ ಡಿವೈಸ್ 2725’ ಎಂದಷ್ಟೇ ಬಂತು. ಪರಿಚಿತರೊಬ್ಬರು ಹೇಳಿದಂತೆ ‘ಅಪ್‌ಡೇಟ್-ಪಿಸಿಐಐಡಿಎಸ್’ ಓಡಿಸಿದ ಮೇಲೆ ಕಾರ್ಡಿನ ಹೆಸರು ಪೂರ್ತಿಯಾಗಿ ಕಾಣಿಸಿತು. ಆದರೂ ವೈ-ಫೈ ಬರಲಿಲ್ಲ, ಬ್ಲೂಟೂತ್ ಅಂತೂ ಆ ಪಟ್ಟಿಯಲ್ಲೇ ಇಲ್ಲ. ಅಂಗಡಿಯವರು ಕಾರ್ಡ್ ಸರಿಯಾಗಿದೆ ಎನ್ನುತ್ತಾರೆ. ನನಗೆ ನಕಲಿ ಮಾಲು ಸಿಕ್ಕಿದೆಯೇ?

ಉತ್ತರ: ಅಂಗಡಿಯವರ ಮಾತನ್ನು ಸದ್ಯಕ್ಕೆ ನಂಬಬಹುದು. ಮದರ್‌ಬೋರ್ಡಿಗೆ ಪಿಸಿಐ ಎಂಬ ದಾರಿಯಲ್ಲಿ ಜೋಡಿಸುವ ಕಾರ್ಡುಗಳು ತಮ್ಮ ಹೆಸರನ್ನು ತಾವು ಹೇಳುವುದಿಲ್ಲ. ಕೇಳಿದಾಗ ಅವು ಕೊಡುವುದು 16 ಬಿಟ್‌ಗಳ ಎರಡು ಸಂಖ್ಯೆಗಳನ್ನು, ಒಂದು ತಯಾರಕರದು, ಇನ್ನೊಂದು ಮಾದರಿಯದು. ನಿಮ್ಮ ಕಾರ್ಡ್ 8086 ಮತ್ತು 2725 ಎಂದು ಉತ್ತರಿಸುತ್ತಿದೆ. (ಇಂಟೆಲ್ ತನ್ನ ತಯಾರಕ ಸಂಖ್ಯೆಯಾಗಿ 1978ರ ತನ್ನ ಹೆಸರುವಾಸಿ ಪ್ರೊಸೆಸರಿನ ಸಂಖ್ಯೆಯನ್ನೇ ಇಟ್ಟುಕೊಂಡಿದೆ, ಹೀಗಾಗಿ ಇದೊಂದು ಸಂಖ್ಯೆಯನ್ನು ಯಾರೂ ಮರೆಯುವುದಿಲ್ಲ.) ಒಳಗೆ ಬೇರೆ ತಯಾರಕರ ಚಿಪ್ ಇದ್ದಿದ್ದರೆ ಸಾಮಾನ್ಯವಾಗಿ ಬೇರೆ ಸಂಖ್ಯೆಯೇ ಬರುತ್ತಿತ್ತು.

ಈ ಸಂಖ್ಯೆಗಳಿಗೆ ಹೆಸರು ಹೊಂದಿಸುವುದು ‘ಪಿಸಿಐ.ಐಡಿಎಸ್’ ಎಂಬ ಸಾದಾ ಪಠ್ಯ ಕಡತ. ಸ್ವಯಂಸೇವಕರು ಬೆಳೆಸುತ್ತ ಬಂದಿರುವ ಈ ಪಟ್ಟಿಯ ಒಂದು ಪ್ರತಿ ನಿಮ್ಮ ಯಂತ್ರದಲ್ಲಿರುತ್ತದೆ, ಮತ್ತು ‘ಎಲ್‌ಎಸ್‌ಪಿಸಿಐ’ ಓಡಿದಾಗಲೆಲ್ಲ ಅದನ್ನು ತೆರೆದು ನೋಡಿ ಹೆಸರು ತೋರಿಸುತ್ತದೆ. ಡೆಬಿಯನ್ 10 ಬಿಡುಗಡೆಯಾದದ್ದು 2019ರ ಜುಲೈನಲ್ಲಿ. ನಿಮ್ಮ ಕಾರ್ಡ್ ಮಾರುಕಟ್ಟೆಗೆ ಬಂದದ್ದು ಅದರ ನಂತರ. ಹಳೆಯ ಪಟ್ಟಿಯಲ್ಲಿ ಹೊಸ ಕಾರ್ಡಿನ ಹೆಸರು ಇಲ್ಲದಿದ್ದುದು ಸಹಜ. ನಿಮ್ಮ ಪರಿಚಿತರು ಸೂಚಿಸಿದ ಆದೇಶ ಆ ಪಟ್ಟಿಯ ಹೊಸ ಪ್ರತಿಯನ್ನು ಇಳಿಸಿಕೊಂಡಿತು, ಅಷ್ಟೇ. ಮುಂಬಯಿಯ ಯಾವುದೇ ಹೌಸಿಂಗ್ ಸೊಸೈಟಿಯ ಕೆಳಗಿನ ನಾಮಫಲಕವನ್ನು ನೆನಪಿಸಿಕೊಳ್ಳಿ: ಹೊಸದಾಗಿ ಬಂದ ಬಾಡಿಗೆದಾರರ ಹೆಸರು ಅದರಲ್ಲಿ ಇಲ್ಲವೆಂದ ಮಾತ್ರಕ್ಕೆ ಅವರು ಮೂರನೆಯ ಮಹಡಿಯಲ್ಲಿ ಇಲ್ಲವೆಂದಾಗದು, ಹೆಸರು ಬರೆಸಿದ ಕೂಡಲೇ ಅವರ ಮನೆಯ ನಲ್ಲಿಯಲ್ಲಿ ನೀರು ಬರುವುದೂ ಇಲ್ಲ.

ನೀರು ತರುವವನು ಕರ್ನಲ್‌ನೊಳಗಿನ (ಲಿನಕ್ಸಿನ ತಿರುಳಿನೊಳಗಿನ) ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ. ಅದು ನಾಮಫಲಕವನ್ನು ನೋಡುವುದೇ ಇಲ್ಲ, ತನಗೆ ಗೊತ್ತಿರುವ ಸಂಖ್ಯೆಗಳೊಂದಿಗೆ ಕಾರ್ಡಿನ ಸಂಖ್ಯೆಯನ್ನು ತಾಳೆ ಹಾಕುತ್ತದೆ. ‘ಎಲ್‌ಎಸ್‌ಪಿಸಿಐ’ ಎಂಬುದರ ನಂತರ ಜಾಗ ಬಿಟ್ಟು ಒಂದು ಅಡ್ಡಗೆರೆ (ಹೈಫನ್) ಹಾಕಿ ‘ಎನ್‌ಎನ್‌ಕೆ’ ಎಂಬ ಮೂರು ಅಕ್ಷರ ಸೇರಿಸಿದರೆ ಹೆಸರು, ಸಂಖ್ಯೆ, ಬಳಕೆಯಲ್ಲಿರುವ ಡ್ರೈವರ್ ಮೂರೂ ಒಟ್ಟಿಗೆ ಕಾಣುತ್ತವೆ. ನಿಮ್ಮಲ್ಲಿ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಬರಲಾರದು ಎಂದು ನನ್ನ ಊಹೆ. ಎಎಕ್ಸ್210ಕ್ಕೆ ಕರ್ನಲ್ 5.10 ಅಥವಾ ಅದಕ್ಕಿಂತ ಹೊಸದು ಬೇಕು. ಡೆಬಿಯನ್ 10ರ ಜೊತೆಗೆ ಬಂದದ್ದು 4.19. ಯಾವುದೇ ಯಂತ್ರದಲ್ಲಿ ಸಾಧನದ ಮಾಹಿತಿ ಕಾಣೆಯಾದಾಗ ಮೊದಲು ಈ ಒಂದು ಆದೇಶದ ಫಲಿತಾಂಶವನ್ನು ಬರೆದಿಟ್ಟುಕೊಳ್ಳಿ. ಹೆಸರಿಲ್ಲದೆ ಸಂಖ್ಯೆ ಇದ್ದರೆ ಪಟ್ಟಿ ಹಳೆಯದು. ಹೆಸರೂ ಸಂಖ್ಯೆಯೂ ಇದ್ದು ಡ್ರೈವರ್ ಸಾಲು ಇಲ್ಲದಿದ್ದರೆ ಕರ್ನಲ್ ಹಳೆಯದಿರಬಹುದು. ಮೂರೂ ಇದ್ದು ಕೆಲಸ ಮಾತ್ರ ಆಗದಿದ್ದರೆ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ತಂತ್ರಾಂಶ) ಕಡತ ಸಿಕ್ಕಿಲ್ಲವೇ ಎಂದು ‘ಸುಡೊ’ (ನಿರ್ವಾಹಕರ ಅಧಿಕಾರ ಕೊಡುವ ಆದೇಶ) ಸೇರಿಸಿ, ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ನಲ್ಲಿ ನೋಡಬೇಕು (‘ಮೆಸೇಜ್’ ಎಂಬುದನ್ನು ಅಲ್ಲಿ ಎಂಇಎಸ್‌ಜಿ ಎಂಬ ನಾಲ್ಕೇ ಅಕ್ಷರಗಳಿಗೆ ಇಳಿಸಿ ಬರೆಯುತ್ತಾರೆ). ಸಂಖ್ಯೆಯೂ ಬಾರದಿದ್ದರೆ ಮಾತ್ರ ಪೆಟ್ಟಿಗೆ ಬಿಚ್ಚಿ, ಕಾರ್ಡ್ ಸ್ಲಾಟಿನಲ್ಲಿ ಸರಿಯಾಗಿ ಕುಳಿತಿದೆಯೇ, ಬಯಾಸ್‌ನಲ್ಲಿ ಅದನ್ನು ನಿಲ್ಲಿಸಲಾಗಿದೆಯೇ ಎಂದು ಪರೀಕ್ಷಿಸಿ. ಅನೇಕರು ಕೊನೆಯದರಿಂದ ಆರಂಭಿಸಿ ಸ್ಕ್ರೂಡ್ರೈವರ್ ಹಿಡಿಯುತ್ತಾರೆ.

ಹೊಸ ಕರ್ನಲ್ ಒಂದನ್ನೇ ತಂದು ತೇಪೆ ಹಾಕುವ ಬದಲು ಯಂತ್ರಗಳಿಗೆ ಹೊಸದಾಗಿ ಡೆಬಿಯನ್ 12 ಅಥವಾ 13 ಹಾಕಿಬಿಡಿ. ಡೆಬಿಯನ್ 10ರ ದೀರ್ಘಾವಧಿ ಬೆಂಬಲವೂ 2024ರ ಜೂನ್‌ನಲ್ಲಿ ಮುಗಿದಿದೆ. ಮಕ್ಕಳು ಅಂತರಜಾಲ ನೋಡುವ ಯಂತ್ರದಲ್ಲಿ ಅದನ್ನು ಇಟ್ಟುಕೊಳ್ಳುವುದು ಒಳ್ಳೆಯದಲ್ಲ. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ತೀರ್ಮಾನಿಸಿದ ಮೇಲೆ, 12ರಿಂದ ಈಚೆಗೆ ಮುಕ್ತವಲ್ಲದ ಫರ್ಮ್‌ವೇರ್ ಕೂಡ ಅಧಿಕೃತ ಅನುಸ್ಥಾಪನಾ ಕಡತದಲ್ಲೇ ಬರುತ್ತದೆ. ಮೊದಲಿನಂತೆ ಬೇರೆ ಪೆನ್‌ಡ್ರೈವ್ ಹುಡುಕಬೇಕಾಗಿಲ್ಲ. ಅಲ್ಲಿಯವರೆಗೆ ಜಾಲ ಬೇಕಾದರೆ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಮಾಡಿ.

ಇನ್ನು ಬ್ಲೂಟೂತ್. ಈ ಕಾರ್ಡಿನ ವೈ-ಫೈ ಭಾಗ ಪಿಸಿಐ ದಾರಿಯಲ್ಲಿ ಹೋಗುತ್ತದೆ, ಬ್ಲೂಟೂತ್ ಭಾಗ ಯುಎಸ್‌ಬಿ ದಾರಿಯಲ್ಲಿ. ಆದ್ದರಿಂದ ಅದನ್ನು ‘ಎಲ್‌ಎಸ್‌ಯುಎಸ್‌ಬಿ’ ಪಟ್ಟಿಯಲ್ಲಿ ಹುಡುಕಬೇಕು. ಅಲ್ಲಿಯೂ ಇಲ್ಲವೆಂದರೆ, ಡೆಸ್ಕ್‌ಟಾಪ್ ಅಡಾಪ್ಟರಿನ ಜೊತೆ ಬಂದ ಸಣ್ಣ ತಂತಿಯನ್ನು ಮದರ್‌ಬೋರ್ಡಿನ ಯುಎಸ್‌ಬಿ ಪಿನ್ನುಗಳಿಗೆ ಸಿಕ್ಕಿಸಿದ್ದೀರಾ ನೋಡಿ. ಅದು ಇನ್ನೂ ಡಬ್ಬಿಯೊಳಗೇ ಇದ್ದರೆ ಆಶ್ಚರ್ಯವಿಲ್ಲ.

ಪ್ರಶ್ನೆ: ಪುಣೆಯಲ್ಲಿ ಓದುತ್ತಿದ್ದೇನೆ. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಉಬುಂಟುವನ್ನು ಪೆನ್‌ಡ್ರೈವ್‌ನಿಂದ ತೆರೆದರೆ ಒಳಗಿನ ಎಸ್‌ಎಸ್‌ಡಿಯೇ ಕಾಣುವುದಿಲ್ಲ. ವಿಂಡೋಸ್‌ನಲ್ಲಿ ಎಲ್ಲ ಸರಿಯಾಗಿದೆ.

ಉತ್ತರ: ಎಸ್‌ಎಸ್‌ಡಿ ಇಂಟೆಲ್‌ನ ಆರ್‌ಎಸ್‌ಟಿ ಎಂಬ ಸ್ಟೋರೇಜ್ ನಿಯಂತ್ರಕದ ಮರೆಯಲ್ಲಿ ಇರಬಹುದು. ಇದು ಹೆಸರು ಸಿಗದ ತೊಂದರೆಯಲ್ಲ. ಲಿನಕ್ಸಿಗೆ ಆ ಎಸ್‌ಎಸ್‌ಡಿಯ ಸಂಖ್ಯೆಯೇ ತಲುಪುತ್ತಿಲ್ಲ. ‘ಎಲ್‌ಎಸ್‌ಪಿಸಿಐ’ಯಲ್ಲಿ ‘ರೇಡ್ ಬಸ್ ಕಂಟ್ರೋಲರ್’ ಎಂಬ ಸಾಲಿದ್ದರೆ ಸಂದೇಹ ಬಲವಾಗುತ್ತದೆ. ಬಯಾಸ್‌ನಲ್ಲಿ ಸ್ಟೋರೇಜ್ ವಿಧಾನವನ್ನು ಎಎಚ್‌ಸಿಐಗೆ ಬದಲಿಸಿದರೆ ಕಾಣಿಸಿಕೊಳ್ಳುತ್ತದೆ. ಆದರೆ ಬದಲಿಸಿದ ನಂತರ ವಿಂಡೋಸ್ ತೆರೆಯದೇ ಹೋಗುವ ಸಾಧ್ಯತೆ ಇದೆ, ಆದ್ದರಿಂದ ಕಡತಗಳ ಪ್ರತಿಯನ್ನೂ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಕೀಲಿಯನ್ನೂ ಮೊದಲೇ ತೆಗೆದಿಟ್ಟುಕೊಳ್ಳಿ. ಪರೀಕ್ಷೆಯ ವಾರದಲ್ಲಿ ಈ ಸಾಹಸ ಬೇಡ.

ಪ್ರಶ್ನೆ: ವಾಸ್ಕೋದಲ್ಲಿ ನಮ್ಮ ಸಂಘದ ದಾಸ್ತಾನು ಪುಸ್ತಕಕ್ಕೆ ಲಿನಕ್ಸ್ ಯಂತ್ರಗಳ ಸೀರಿಯಲ್ ಸಂಖ್ಯೆ ಬೇಕಾಗಿದೆ. ಕೆಲವು ಯಂತ್ರಗಳಲ್ಲಿ ಅನುಮತಿ ಇಲ್ಲ ಎನ್ನುತ್ತದೆ, ಕೆಲವು ‘ಟು ಬಿ ಫಿಲ್ಡ್ ಬೈ ಒ.ಇ.ಎಂ.’ ಎನ್ನುತ್ತವೆ.

ಉತ್ತರ: ಮೊದಲನೆಯದು ಸುಲಭ. ಯಂತ್ರದ ಮಾದರಿಯ ಹೆಸರನ್ನು ಯಾರು ಬೇಕಾದರೂ ಓದಬಹುದು. ಸೀರಿಯಲ್ ಸಂಖ್ಯೆಯನ್ನು ಲಿನಕ್ಸ್ ರೂಟ್ (ಎಲ್ಲ ಅಧಿಕಾರವುಳ್ಳ) ಬಳಕೆದಾರರಿಗೆ ಮಾತ್ರ ತೋರಿಸುತ್ತದೆ. ‘ಡಿಎಂಐಡಿಕೋಡ್’ ಆದೇಶವನ್ನು ‘ಸುಡೊ’ ಸೇರಿಸಿ ಕೊಡಿ. ಯಂತ್ರಾಂಶದ ಪಟ್ಟಿ ಕೊಡುವ ‘ಎಲ್‌ಎಸ್‌ಎಚ್‌ಡಬ್ಲ್ಯೂ’ ಬಳಸುವಾಗಲೂ ಹಾಗೆಯೇ ಮಾಡಿ, ಇಲ್ಲವಾದರೆ ವರದಿ ಅರೆಬರೆಯಾಗಿ ಬರುತ್ತದೆ.

ಎರಡನೆಯದಕ್ಕೆ ಲಿನಕ್ಸ್ ಹೊಣೆಯಲ್ಲ. ಈ ವಿವರಗಳನ್ನು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿ ತುಂಬಬೇಕಾದವರು ಯಂತ್ರ ತಯಾರಿಸಿದವರು. ಅಂಗಡಿಯಲ್ಲಿ ಬಿಡಿಭಾಗ ಸೇರಿಸಿ ಕಟ್ಟಿದ ಯಂತ್ರಗಳಲ್ಲಿ ಆ ಕೆಲಸವನ್ನು ಯಾರೂ ಮಾಡಿರುವುದಿಲ್ಲ, ಖಾಲಿ ಅರ್ಜಿಯ ಸೂಚನೆಯೇ ಉತ್ತರವಾಗಿ ಉಳಿದುಬಿಡುತ್ತದೆ. ಅದೇ ವರದಿಯ ‘ಬೇಸ್‌ಬೋರ್ಡ್’ ಭಾಗದಲ್ಲಿ ಮದರ್‌ಬೋರ್ಡಿನ ಸಂಖ್ಯೆ ಇದ್ದರೆ ಅದನ್ನು ಬರೆದುಕೊಳ್ಳಿ. ಅದೂ ಇಲ್ಲವೆಂದರೆ ಬೋರ್ಡಿನೊಳಗೇ ಇರುವ ನೆಟ್‌ವರ್ಕ್ ಪೋರ್ಟಿನ ಮ್ಯಾಕ್ ವಿಳಾಸವನ್ನು ಪುಸ್ತಕದಲ್ಲಿ ನಮೂದಿಸಿ, ಪೆಟ್ಟಿಗೆಯ ಹಿಂಬದಿಗೆ ನಿಮ್ಮದೇ ಸಂಖ್ಯೆಯ ಚೀಟಿ ಅಂಟಿಸಿ. ವಾಸ್ಕೋದ ಮಳೆಗಾಲದ ತೇವಕ್ಕೆ ಕಾಗದದ ಚೀಟಿ ಉದುರಬಹುದು, ಮಾರ್ಕರ್ ಪೆನ್ನಿನಿಂದ ಪೆಟ್ಟಿಗೆಯ ಮೇಲೆಯೇ ಬರೆದರೂ ಆದೀತು.