ರೀಮೇಕ್ ಬಂದ ಮಾತ್ರಕ್ಕೆ ರೈಡ್ ಬದಲಾಗಬೇಕಿಲ್ಲ

ನೀವು ಕೇಳಿದ್ದು ಎರಡು ಪ್ರಶ್ನೆ. 2023ರಲ್ಲಿ ಮತ್ಸ್ಯಕನ್ಯೆ ಏರಿಯಲ್‌ಳ ಕಥೆ 'ದಿ ಲಿಟಲ್ ಮರ್ಮೇಡ್' ನಿಜವಾದ ನಟರ ಲೈವ್ ಆ್ಯಕ್ಷನ್ ಆಗಿ ಬಂದ ಮೇಲೂ ಡಿಸ್ನಿ ಪಾರ್ಕುಗಳಲ್ಲಿ ಹಳೆಯ ಅನಿಮೇಷನ್ ಏರಿಯಲ್‌ ರೈಡೇ ಓಡುತ್ತಿದೆಯಲ್ಲ, ಅದನ್ನು ಹೊಸ ಸಿನಿಮಾಕ್ಕೆ ಹೊಂದಿಸಬೇಡವೇ ಅನ್ನುವುದು ಒಂದು. ಪಾರ್ಕ್ ಕಟ್ಟುವ ಗೇಮ್‌ನಲ್ಲಿ ನೀವು ಅರ್ಧ ಮುಗಿಸಿರುವ ಸಮುದ್ರದ ಡಾರ್ಕ್ ರೈಡನ್ನು (ಕತ್ತಲ ಕಟ್ಟಡದೊಳಗೆ ಬಂಡಿಯಲ್ಲಿ ಕೂತು ದೃಶ್ಯಗಳನ್ನು ನೋಡುತ್ತಾ ಸಾಗುವ ರೈಡ್) ಈಗ ಹೊಸ ಸಿನಿಮಾದ ರೂಪಕ್ಕೆ ತಿರುಗಿಸಬೇಕೇ ಅನ್ನುವುದು ಇನ್ನೊಂದು. ಇಲ್ಲಿ ಬಂದ ಉತ್ತರಗಳಲ್ಲಿ ಹೆಚ್ಚಿನವು 'ಹಳೇದೇ ಚೆನ್ನ', 'ಕಾಲಕ್ಕೆ ತಕ್ಕಂತೆ ಬದಲಾಗಬೇಕು' ಅನ್ನುವಷ್ಟಕ್ಕೇ ನಿಂತಿವೆ. ಹೇಗೆ ತೀರ್ಮಾನಿಸಬೇಕು ಅನ್ನುವುದನ್ನು ಯಾರೂ ಹೇಳಿಲ್ಲವಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ರೀಮೇಕ್ ಬಂತು ಅನ್ನುವುದೊಂದೇ ರೈಡ್ ಬದಲಿಸಲು ಕಾರಣವಾಗಬಾರದು. ರೈಡ್ ಬದಲಿಸಲು ಒಳ್ಳೆಯ ಕಾರಣಗಳು ಖಂಡಿತ ಇವೆ, ಆದರೆ ಅವನ್ನು ಆ ರೈಡಿನ ಒಳಗೇ ಹುಡುಕಬೇಕು.

ಡಾರ್ಕ್ ರೈಡ್ ಕೆಲಸ ಮಾಡುವ ಬಗೆಯಿಂದಲೇ ಶುರು ಮಾಡೋಣ, ಉತ್ತರದ ಅರ್ಧ ಭಾಗ ಅಲ್ಲೇ ಇದೆ. ಏರಿಯಲ್‌ ರೈಡ್ ಡಿಸ್ನಿ ಕ್ಯಾಲಿಫೋರ್ನಿಯಾ ಅಡ್ವೆಂಚರ್‌ನಲ್ಲಿ 2011ರಲ್ಲಿ ಶುರುವಾಯಿತು, ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 2012ರಲ್ಲಿ. ಚಿಪ್ಪಿನ ಆಕಾರದ ಬಂಡಿಗಳು ಒಂದರ ಹಿಂದೊಂದು ನಿಲ್ಲದೆ ಸಾಗುತ್ತಲೇ ಇರುತ್ತವೆ. ಒಂದು ಕಡೆ ಬಂಡಿ ಬೆನ್ನು ತಿರುಗಿಸಿ ಇಳಿಜಾರಿನಲ್ಲಿ ಕೆಳಗಿಳಿಯುತ್ತದೆ, ನೀರಿನ ಮೇಲ್ಮೈ ನಮ್ಮ ತಲೆಗಿಂತ ಮೇಲೆ ಹೋದಂತೆ ಭಾಸವಾಗುತ್ತದೆ. ಇಷ್ಟಾದರೆ ಸಾಕು, ಕೂತವರು ಸಮುದ್ರದೊಳಗೆ ಇಳಿದುಬಿಟ್ಟಿರುತ್ತಾರೆ. ಅಲ್ಲಿಂದ ಮುಂದೆ ಯಾವ ದೃಶ್ಯವೂ ಹೆಚ್ಚು ಹೊತ್ತು ಕಣ್ಣ ಮುಂದೆ ನಿಲ್ಲುವುದಿಲ್ಲ. ಅಷ್ಟರಲ್ಲೇ ಇದು ಯಾರು, ಏನು ನಡೆಯುತ್ತಿದೆ, ನಾನು ನಗಬೇಕೋ ಹೆದರಬೇಕೋ ಎಲ್ಲವೂ ಗೊತ್ತಾಗಬೇಕು. ಕೆಂಪು ಕೂದಲು, ಹಸಿರು ಬಾಲ, ದೊಡ್ಡ ಕಣ್ಣು: ಮಂದ ಬೆಳಕಿನಲ್ಲಿ, ದೂರದಿಂದ, ಬಂಡಿ ಅತ್ತಿತ್ತ ತಿರುಗುತ್ತಿರುವಾಗಲೂ ಏರಿಯಲ್ ಏರಿಯಲ್ಲೇ. ಕೈಯಿಂದ ಬರೆದ ಅನಿಮೇಷನ್ ಪಾತ್ರಗಳನ್ನು ರೂಪಿಸುವುದೇ ಹೀಗೆ, ನೆರಳು ನೋಡಿದರೂ ಗುರುತು ಸಿಗುವಂತೆ. ಡಾರ್ಕ್ ರೈಡಿಗೆ ಬೇಕಾದ ಗುಣವೂ ಅದೇ. ಡಿಸ್ನಿಲ್ಯಾಂಡ್ 1955ರಲ್ಲಿ ಬಾಗಿಲು ತೆರೆದಾಗ ಇದ್ದ ಸ್ನೋ ವೈಟ್, ಪೀಟರ್ ಪ್ಯಾನ್, ಮಿಸ್ಟರ್ ಟೋಡ್ ರೈಡುಗಳು ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣಗಳನ್ನೇ ನಂಬಿ ನಿಂತದ್ದು ಇದೇ ಕಾರಣಕ್ಕೆ.

ಲೈವ್ ಆ್ಯಕ್ಷನ್ ಸಿನಿಮಾದ ಬಲ ಬೇರೆ ಕಡೆ ಇದೆ: ನಟಿಯ ಮುಖದ ಸಣ್ಣ ಬದಲಾವಣೆ, ಕ್ಲೋಸಪ್, ಚರ್ಮದ ಮೇಲೆ ಬೀಳುವ ಬೆಳಕು, ಕಂಪ್ಯೂಟರಿನಲ್ಲಿ ಒಂದೊಂದು ಎಳೆಯಾಗಿ ತೇಲಿಸಿದ ಕೂದಲು. ಇವು ಯಾವುವೂ ಗೊಂಬೆಗೆ ಇಳಿಯುವುದಿಲ್ಲ. ಕೂದಲನ್ನೇ ತೆಗೆದುಕೊಳ್ಳಿ. 2011ರಲ್ಲಿ ಕ್ಯಾಲಿಫೋರ್ನಿಯಾದ ರೈಡ್ ತೆರೆದಾಗ ನೀರಿನಡಿಯ ದೃಶ್ಯದಲ್ಲಿ ಏರಿಯಲ್‌ಳ ಕೂದಲನ್ನು ಮೇಲಕ್ಕೆ ಸುರುಳಿ ಸುತ್ತಿದಂತೆ ಮಾಡಿದ್ದರು, ನೀರಲ್ಲಿ ತೇಲುತ್ತಿದೆ ಅಂತ ತೋರಿಸಲು. ನೋಡಿದವರಿಗೆ ಕಂಡದ್ದು ಸಾಫ್ಟಿ ಐಸ್‌ಕ್ರೀಮ್. ಟೀಕೆ ಬಂತು, ಆಮೇಲೆ ಅದನ್ನು ತಿದ್ದಿದರು. ಅನಿಮೇಷನ್ ಪಾತ್ರದ ಸರಳ ಕೂದಲಿಗೇ ಇಷ್ಟು ಕಷ್ಟವಾದರೆ, ನಿಜವಾದ ಮನುಷ್ಯರ ಕೂದಲು, ಕೆನ್ನೆ, ತುಟಿ ಇರುವ ಗೊಂಬೆ ಹಾಡುತ್ತಾ ಬಾಯಿ ತೆರೆಯುವಾಗ ಹೇಗಿರುತ್ತದೆ ಯೋಚಿಸಿ. ಮನುಷ್ಯರ ಮುಖದಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ನಮ್ಮ ಕಣ್ಣು ಹಿಡಿಯುತ್ತದೆ. ಅನಿಮೇಷನ್ ಮುಖಕ್ಕೆ ಆ ಅಪಾಯ ಕಡಿಮೆ, ಅದನ್ನು ನಿಜದ ಮುಖದ ಜೊತೆ ಯಾರೂ ಹೋಲಿಸುವುದಿಲ್ಲ.

ಪಾರ್ಕಿನವರು ಏನು ಮಾಡಿದ್ದಾರೆ ನೋಡಿ. 'ಬ್ಯೂಟಿ ಆ್ಯಂಡ್ ದಿ ಬೀಸ್ಟ್' ಲೈವ್ ಆ್ಯಕ್ಷನ್ ಬಂದದ್ದು 2017ರಲ್ಲಿ. ಟೋಕಿಯೊ ಡಿಸ್ನಿಲ್ಯಾಂಡ್ ಅದೇ ಕಥೆಯ ದೊಡ್ಡ ರೈಡನ್ನು ತೆರೆದದ್ದು 2020ರಲ್ಲಿ, ಅಂದರೆ ರೀಮೇಕ್ ಬಂದು ಮೂರು ವರ್ಷದ ಮೇಲೆ. ಅಲ್ಲಿರುವುದು 1991ರ ಅನಿಮೇಷನ್ನಿನ ಬೆಲ್, ಅದೇ ಬೀಸ್ಟ್. ಯೂನಿವರ್ಸಲ್‌ನದು ಇನ್ನೂ ಸ್ಪಷ್ಟ. ಒರ್ಲ್ಯಾಂಡೊದ ಎಪಿಕ್ ಯೂನಿವರ್ಸ್ ಪಾರ್ಕ್ 2025ರ ಮೇ 22ರಂದು ತೆರೆಯಿತು. ಅದರಲ್ಲಿ 'ಹೌ ಟು ಟ್ರೈನ್ ಯುವರ್ ಡ್ರ್ಯಾಗನ್' ಕಥೆಯ ಬರ್ಕ್ ದ್ವೀಪಕ್ಕೇ ಒಂದು ಇಡೀ ಪ್ರದೇಶ ಇದೆ. ಅದೇ ಸಂಸ್ಥೆಯ ಲೈವ್ ಆ್ಯಕ್ಷನ್ ರೀಮೇಕ್ ಬಿಡುಗಡೆಯಾದದ್ದು ಮೂರು ವಾರದ ನಂತರ, ಜೂನ್ 13ರಂದು. ಎರಡೂ ಕೈಯಲ್ಲೇ ಇದ್ದರೂ ಪಾರ್ಕಿಗೆ ಅನಿಮೇಷನ್ನಿನ ರೂಪವನ್ನೇ ಆರಿಸಿಕೊಂಡರು. ಸರಿಯಾದ ನಿರ್ಧಾರ ಅಂತ ನನಗನ್ನಿಸುತ್ತದೆ.

ಮೂಲವೇ ಲೈವ್ ಆ್ಯಕ್ಷನ್ ಆಗಿದ್ದರೆ? ಅಲ್ಲೂ ಹಾಗೇ. 1976ರ 'ಕಿಂಗ್ ಕಾಂಗ್' ರೀಮೇಕ್ ಆಧರಿಸಿ ಯೂನಿವರ್ಸಲ್ ಸ್ಟುಡಿಯೋಸ್ ಹಾಲಿವುಡ್ 1986ರಲ್ಲಿ ಟ್ರ್ಯಾಮ್ ಪ್ರವಾಸಕ್ಕೆ ಒಂದು ಕಾಂಗ್ ಸೇರಿಸಿತು. ಸುಮಾರು 30 ಅಡಿಯ ಗೊಂಬೆ, ಹತ್ತಿರ ಬಂದಾಗ ಉಸಿರಿನಲ್ಲಿ ಬಾಳೆಹಣ್ಣಿನ ವಾಸನೆ ಬರುವಂತೆ ಮಾಡಿದ್ದರು. 2005ರಲ್ಲಿ ಪೀಟರ್ ಜಾಕ್ಸನ್‌ರ ಕಾಂಗ್ ಬಂದು ಹೋಯಿತು, ಹಳೆಯ ಕಾಂಗ್ ಅಲ್ಲೇ ಇತ್ತು. 2008ರ ಬೆಂಕಿಯಲ್ಲಿ ಅದು ಸುಟ್ಟುಹೋದ ಮೇಲಷ್ಟೇ 2010ರಲ್ಲಿ ಜಾಕ್ಸನ್‌ರ ಕಾಂಗ್ ಅಲ್ಲಿಗೆ ಬಂದದ್ದು, ಅದೂ ಸುತ್ತಲಿನ ಪರದೆಗಳ ಮೇಲೆ. ಇನ್ನು 'ದಿ ಮಮ್ಮಿ'. 1932ರ ಸಿನಿಮಾವನ್ನು 1999ರಲ್ಲಿ ಹೊಸದಾಗಿ ಮಾಡಿದರು, ಅದರ ಮೇಲೆ 2004ರಲ್ಲಿ ರೋಲರ್ ಕೋಸ್ಟರ್ ಬಂತು. 2017ರಲ್ಲಿ ಟಾಮ್ ಕ್ರೂಸ್ ಅವರನ್ನು ಇಟ್ಟುಕೊಂಡು ಮತ್ತೊಮ್ಮೆ ಮಾಡಿದ ಸಿನಿಮಾ ನಿಲ್ಲಲಿಲ್ಲ. ಆ ವರ್ಷವೇ ರೈಡನ್ನು ಅದಕ್ಕೆ ಹೊಂದಿಸಿದ್ದರೆ ಈಗ ಯಾರಿಗೂ ಬೇಡವಾದ ಸಿನಿಮಾದ ರೈಡ್ ಉಳಿಯುತ್ತಿತ್ತು. ಒರ್ಲ್ಯಾಂಡೊದಲ್ಲಿ ಬ್ರೆಂಡನ್ ಫ್ರೇಜರ್ ಒಂದು ಕಪ್ ಕಾಫಿ ಕೇಳುವ ತುಣುಕನ್ನು ಅಭಿಮಾನಿಗಳು ಬಾಯಿಪಾಠ ಮಾಡಿಕೊಂಡಿದ್ದಾರೆ. ಸಿನಿಮಾ ನಿಲ್ಲುತ್ತದೋ ಇಲ್ಲವೋ ಅನ್ನುವುದು ಬಿಡುಗಡೆಯಾದ ತಿಂಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ರೈಡ್ ಮಾತ್ರ ದಶಕಗಟ್ಟಲೆ ಓಡಬೇಕು.

ಈಗ ಎದುರು ವಾದಕ್ಕೆ ಬರುತ್ತೇನೆ, ಅದನ್ನು ತಳ್ಳಿಹಾಕುವಂತಿಲ್ಲ. ಹೊಸ ಸಿನಿಮಾದ ನಟಿ ಹ್ಯಾಲಿ ಬೇಲಿಯನ್ನು ಏರಿಯಲ್ ಆಗಿ ನೋಡಿ ಬೆಳೆದ ಮಗು ಪಾರ್ಕಿಗೆ ಬಂದಾಗ, ಅವಳು ಎಲ್ಲಿ ಅಂತ ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಆದರೆ ಉತ್ತರ ಇರುವ ಎಲ್ಲ ಗೊಂಬೆಗಳ ಮುಖ ಬದಲಿಸುವುದೇ ಆಗಬೇಕಿಲ್ಲ. 2023ರಲ್ಲಿ ಡಿಸ್ನಿ ಪಾರ್ಕುಗಳು ಆ ಸಿನಿಮಾದ ಏರಿಯಲ್‌ಳನ್ನು ಭೇಟಿಯಾಗುವ ವ್ಯವಸ್ಥೆ ಮಾಡಿದವು. ಮಗು ಹತ್ತಿರ ಹೋಗಿ ಮಾತಾಡಬಹುದು, ಫೋಟೋ ತೆಗೆಸಿಕೊಳ್ಳಬಹುದು. ಲೈವ್ ಆ್ಯಕ್ಷನ್ ಪಾತ್ರಕ್ಕೆ ಪಾರ್ಕಿನಲ್ಲಿ ಅತ್ಯಂತ ಸಹಜವಾದ ಜಾಗ ಅದು, ಯಾಕೆಂದರೆ ಅಲ್ಲಿ ಪಾತ್ರ ಮಾಡುವವರು ಮನುಷ್ಯರೇ. ನನ್ನ ದೂರು ಏನೆಂದರೆ ಅಂಥ ಭೇಟಿಗಳನ್ನು ಸಿನಿಮಾದ ಪ್ರಚಾರ ಮುಗಿದ ಕೂಡಲೇ ನಿಲ್ಲಿಸಬಾರದು. ಅದು ಉಳಿಯಬೇಕು. ಅದಕ್ಕಿಂತ ದೊಡ್ಡ ಉತ್ತರ ಬೇಕಿದ್ದರೆ 'ದಿ ಪ್ರಿನ್ಸೆಸ್ ಆ್ಯಂಡ್ ದಿ ಫ್ರಾಗ್' ಸಿನಿಮಾದ ನಾಯಕಿ ಟಿಯಾನಾಗೆ ಮಾಡಿದಂತೆ ಪಾತ್ರಕ್ಕೆ ಅವಳದೇ ಆದ ರೈಡ್ ಕೊಡಬೇಕು.

ಟಿಯಾನಾ ಮಾತು ಬಂದದ್ದು ಒಳ್ಳೆಯದಾಯಿತು, ಬದಲಿಸಲೇಬೇಕಾದ ಸಂದರ್ಭಕ್ಕೆ ಅದೇ ಉದಾಹರಣೆ. ಡಿಸ್ನಿಯ ನೀರಿನ ರೈಡ್ ಸ್ಪ್ಲ್ಯಾಶ್ ಮೌಂಟನ್‌ನ ಪಾತ್ರಗಳು 1946ರ ಒಂದು ಸಿನಿಮಾದವು. ಗುಲಾಮಗಿರಿಯ ನಂತರದ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಬದುಕನ್ನು ತೋರಿಸಿದ ರೀತಿಗಾಗಿ ಆ ಸಿನಿಮಾ ತೀವ್ರ ಟೀಕೆಗೆ ಒಳಗಾಗಿದೆ. ಅಮೆರಿಕದ ಎರಡೂ ಪಾರ್ಕುಗಳಲ್ಲಿ 2023ರಲ್ಲಿ ರೈಡ್ ಮುಚ್ಚಿ, 2024ರಲ್ಲಿ ಟಿಯಾನಾಳ ಕಥೆಯಾಗಿ ತೆರೆದರು. ಕಾಲುವೆ, ದೋಣಿ, ಕೊನೆಯ ದೊಡ್ಡ ಜಿಗಿತ ಹಾಗೇ ಉಳಿದವು. ಇಲ್ಲಿ ಕಾರಣ ರೀಮೇಕ್ ಅಲ್ಲ, ರೈಡ್ ಹೇಳುತ್ತಿದ್ದ ಕಥೆಯ ಮೂಲದಲ್ಲೇ ತೊಂದರೆ ಇತ್ತು. 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ರೈಡಿನಲ್ಲಿ ಹೆಂಗಸರನ್ನು ಹರಾಜಿಗಿಟ್ಟ ದೃಶ್ಯವನ್ನು ಅಮೆರಿಕದ ಪಾರ್ಕುಗಳಲ್ಲಿ 2018ರಲ್ಲಿ ತೆಗೆದದ್ದೂ ಇಂಥದ್ದೇ, ಮೊದಲೇ ತೆಗೆಯಬೇಕಿತ್ತು.

ಎರಡನೇ ಒಳ್ಳೆಯ ಕಾರಣ: ಕೂತವರಿಗೆ ಕಥೆ ಅರ್ಥವಾಗದಿದ್ದರೆ. 1955ರ ಸ್ನೋ ವೈಟ್ ರೈಡಿನಲ್ಲಿ ಸ್ನೋ ವೈಟ್ ಗೊಂಬೆಯೇ ಇರಲಿಲ್ಲ. ಬಂಡಿಯಲ್ಲಿ ಕೂತವರೇ ಸ್ನೋ ವೈಟ್ ಅನ್ನುವುದು ಮಾಡಿದವರ ಕಲ್ಪನೆ, ಅದು ಬಹಳ ಜನಕ್ಕೆ ಹೊಳೆಯಲಿಲ್ಲ. 1983ರಲ್ಲಿ ಅವಳನ್ನು ಸೇರಿಸಿದರು. 2021ರಲ್ಲಿ ಮತ್ತೆ ತಿದ್ದಿ ಹೆದರಿಕೆ ಕಡಿಮೆ ಮಾಡಿದರು, 1937ರ ಸಿನಿಮಾದ ಸಂತೋಷದ ಭಾಗಗಳನ್ನು ಹೆಚ್ಚಿಸಿದರು. ತಿದ್ದುವವರು ಮೂಲಕ್ಕೇ ಇನ್ನಷ್ಟು ಆಳವಾಗಿ ಹೋದದ್ದು ನನಗೆ ಬಹಳ ಇಷ್ಟ.

ಎಚ್ಚರಿಕೆಯ ಉದಾಹರಣೆಯೂ ಒಂದಿದೆ. ಫ್ಲೋರಿಡಾದ ಡಿಸ್ನಿ ಪಾರ್ಕಿನ, ಯಂತ್ರದ ಹಕ್ಕಿಗಳು ಹಾಡುವ ಟಿಕಿ ರೂಮಿನಲ್ಲಿ 1998ರಲ್ಲಿ ಆಗಿನ ಸಿನಿಮಾಗಳ ಇಯಾಗೋ ಮತ್ತು ಝಾಝು ಹಕ್ಕಿಗಳನ್ನು ತಂದು ಕೂರಿಸಿ ಹಳೆಯ ಪ್ರದರ್ಶನವನ್ನು ಬದಲಿಸಿದರು. ಅಭಿಮಾನಿಗಳು ಒಪ್ಪಲೇ ಇಲ್ಲ. 2011ರಲ್ಲಿ ಬೆಂಕಿ ಬಿದ್ದು ಹಾನಿಯಾದಾಗ ಸರಿಪಡಿಸುವ ನೆಪದಲ್ಲಿ ಹಳೆಯ ಪ್ರದರ್ಶನದ ಸ್ವಲ್ಪ ಚಿಕ್ಕ ರೂಪವನ್ನೇ ವಾಪಸ್ ತಂದರು.

ಹ್ಯಾರಿ ಪಾಟರ್ ಬಗ್ಗೆ ಕೇಳಿದವರಿಗೂ ಇಲ್ಲೇ ಹೇಳುತ್ತೇನೆ. ಎಚ್‌ಬಿಒ ಹೊಸ ನಟರೊಂದಿಗೆ ಸರಣಿ ಮಾಡುತ್ತಿದೆ. ಒರ್ಲ್ಯಾಂಡೊದಲ್ಲಿ 2010ರಲ್ಲಿ ಶುರುವಾದ 'ಫರ್ಬಿಡನ್ ಜರ್ನಿ' ರೈಡಿನಲ್ಲಿ ಡೇನಿಯಲ್ ರ‍್ಯಾಡ್‌ಕ್ಲಿಫ್ ಮತ್ತು ಜೊತೆಗಾರರನ್ನು ನೇರವಾಗಿ ಚಿತ್ರೀಕರಿಸಿ ಪರದೆಯ ಮೇಲೆ ತೋರಿಸುತ್ತಾರೆ. ಇದು ನಿಜಕ್ಕೂ ಕಷ್ಟದ ಪ್ರಶ್ನೆ, ಮುಖವೇ ರೈಡಿನ ಭಾಗ. ಆದರೂ ಪಾರ್ಕಿನಲ್ಲಿ ಕಟ್ಟಿರುವ ಆ ಕಥೆಯ ಕೋಟೆ, ಬೀದಿ, ಅಂಗಡಿಗಳಿಗೆ ಮುಖವಿಲ್ಲ. ಪುಸ್ತಕ ಓದಿದವರು, ಸಿನಿಮಾ ನೋಡಿದವರು, ಸರಣಿ ನೋಡುವವರು ಎಲ್ಲರೂ ಅಲ್ಲಿ ಓಡಾಡಬಹುದು. ಆ ಪರದೆಯ ಚಿತ್ರಗಳನ್ನು ಮುಂದೆ ಯಾವಾಗಲಾದರೂ ಹಳತಾದವೆಂದು ಮತ್ತೆ ಮಾಡುವಾಗ, ನಟರ ಮುಖವನ್ನು ಕಡಿಮೆ ನೆಚ್ಚಿಕೊಂಡು ಮಾಡಿದರೆ ಸಾಕು. ಇದನ್ನು ಯೂನಿವರ್ಸಲ್‌ನದೇ ಸ್ಪೈಡರ್‌ಮ್ಯಾನ್ ರೈಡ್ 1999ರಲ್ಲೇ ತೋರಿಸಿಕೊಟ್ಟಿದೆ. ಕಾಮಿಕ್ಸ್‌ನ ರೂಪದಲ್ಲಿ ಕಟ್ಟಿದ್ದರಿಂದ ಆಮೇಲೆ ಸಿನಿಮಾಗಳಲ್ಲಿ ಮೂರು ನಟರು ಬದಲಾದರೂ ಅದಕ್ಕೆ ಏನೂ ಆಗಲಿಲ್ಲ. 2012ರಲ್ಲಿ ಪರದೆಯ ಚಿತ್ರಗಳನ್ನು ಹೆಚ್ಚು ಸ್ಪಷ್ಟವಾಗಿ ಹೊಸದಾಗಿ ಮಾಡಿದರು, ಕಥೆ ಅದೇ ಇತ್ತು.

ಇನ್ನು ನಿಮ್ಮ ರೈಡ್. ನೀವು ಹಾಕಿದ ಚಿತ್ರಗಳನ್ನು ನೋಡಿದೆ. ಬಣ್ಣಗಳು ಚೆನ್ನಾಗಿವೆ, ಹವಳದ ಗುಹೆಯ ತಿರುವು ತುಂಬಾ ಚೆನ್ನಾಗಿದೆ. ಅದನ್ನು ಕಿತ್ತು ಹೊಸ ಸಿನಿಮಾದ ನೀಲಿ-ಬೂದು ಬಣ್ಣಕ್ಕೆ ತಿರುಗಿಸಿದರೆ ಮಂದ ಬೆಳಕಿನಲ್ಲಿ ಎಲ್ಲವೂ ಕಲಸಿಹೋಗುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ಅದರ ಬದಲು ಬೇಗ ಬದಲಿಸಬಹುದಾದದ್ದನ್ನು ಬೇರೆ ಇಡಿ. ಹಳಿ, ಗುಹೆ, ದೊಡ್ಡ ಗೊಂಬೆಗಳು ಒಂದು ಗುಂಪು, ಅವನ್ನು ಮುಟ್ಟಬೇಡಿ. ಹಾಡು, ಪರದೆ, ಬೆಳಕು ಇನ್ನೊಂದು ಗುಂಪು. ಡಿಸ್ನಿಯ ಸ್ಟಾರ್ ವಾರ್ಸ್ ರೈಡ್ ಸ್ಟಾರ್ ಟೂರ್ಸ್ 1987ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದೇ ಚಿತ್ರ ತೋರಿಸುತ್ತಿತ್ತು. 2011ರಲ್ಲಿ ದೃಶ್ಯಗಳನ್ನು ತುಂಡು ತುಂಡಾಗಿ ಮಾಡಿ ಪ್ರತಿ ಸಲ ಬೇರೆ ಜೋಡಣೆ ಬರುವಂತೆ ಮಾಡಿದರು. ಅಲ್ಲಿಂದೀಚೆಗೆ ಹೊಸ ಸಿನಿಮಾ ಬಂದಾಗ ಒಂದು ತುಂಡು ಸೇರಿಸುತ್ತಾರೆ, ಹಳೆಯ ತುಂಡುಗಳೂ ಇರುತ್ತವೆ. ನೀವೂ ಕ್ಯೂ ಜಾಗದಲ್ಲಿ ಒಂದು ಕೋಣೆ ಮಾಡಿ ಹೊಸ ಸಿನಿಮಾದ ವಸ್ತುಗಳನ್ನು, ಅದರ ಹಾಡನ್ನು ಅಲ್ಲಿ ಇಡಬಹುದು.

ಬದಲಿಸಬೇಕಾದದ್ದು ನಿಮ್ಮ ಕೊನೆಯ ದೃಶ್ಯ. ಮಾಟಗಾತಿ ಸೋಲುವುದು ಯಾವಾಗ ಅಂತ ನನಗೆ ಗೊತ್ತೇ ಆಗಲಿಲ್ಲ. ಡಿಸ್ನಿಯ ರೈಡಿನಲ್ಲೂ ಉರ್ಸುಲಾಳ ಸೋಲು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು ಮದುವೆ ಬಂದುಬಿಡುತ್ತದೆ, ಆ ದೂರು ಮೊದಲ ದಿನದಿಂದಲೂ ಇದೆ. ಅವಳ ಗುಹೆಯ ದೃಶ್ಯ ಮುಗಿದ ಮೇಲೆ ಒಂದು ತಿರುವು ಹೆಚ್ಚಿಸಿ, ಅಲ್ಲಿ ಬಿರುಗಾಳಿ ಇಡಿ, ಬಂಡಿಯನ್ನು ಅವಳ ಕಡೆಗೇ ತಿರುಗಿಸಿ, ಬೆಳಕು ಆರಿದ ಮೇಲಷ್ಟೇ ಮದುವೆಗೆ ಹೋಗಲಿ. ತಿದ್ದಿದ ಮೇಲೆ ಬಂಡಿಯೊಳಗಿಂದ ತೆಗೆದ ವೀಡಿಯೊವನ್ನು ಇಲ್ಲೇ ಹಾಕಿ, ಪ್ರತಿ ದೃಶ್ಯಕ್ಕೆ ಎಷ್ಟು ಸೆಕೆಂಡ್ ಸಿಗುತ್ತಿದೆ ಅಂತ ಬರೆಯಿರಿ. ಬೆಳಕು ಎಲ್ಲಿಂದ ಬರಬೇಕು ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.