ಮೋಟಾರು ಸುಮ್ನೆ ಆನ್-ಆಫ್ ಆಗ್ತಿದ್ದರೆ ಏನು ಮಾಡಬೇಕು?

ಪ್ರಶ್ನೆ: ನಾವು ಗೆಳೆಯರು ಸೇರಿ ತೀರ್ಥಹಳ್ಳಿ ಸುತ್ತಿನ ಅಡಿಕೆ ತೋಟಗಳಿಗೆ ನೀರು ಬಿಡುವ ಸಾಫ್ಟ್‌ವೇರ್ ಮಾಡಿದ್ದೇವೆ. ಮಣ್ಣಿನ ತೇವ 30%ಗಿಂತ ಇಳಿದರೆ ಮೋಟಾರು ಆನ್, ಏರಿದರೆ ಆಫ್. ಕೆಲವು ದಿನ ಅದು ಒಂದೇ ಸಮನೆ ಆನ್-ಆಫ್ ಆಗುತ್ತಿರುತ್ತದೆ. ತೋಟಕ್ಕೊಂದು ಕೋಡ್ ಬರೆದೂ ಸಾಕಾಗಿದೆ. ಅದು ತಾನೇ ಹೊಂದಿಕೊಳ್ಳಬೇಕಾದರೆ ಎಐ ಹಾಕಬೇಕಾ ಸರ್?

ಉತ್ತರ: ಎಐ ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮದು ಎರಡು ಬೇರೆ ಬೇರೆ ತೊಂದರೆ.

ಆನ್‌ಗೂ ಆಫ್‌ಗೂ ಒಂದೇ ಗೆರೆ ಇಟ್ಟಿದ್ದೀರಿ. ಸೆನ್ಸರ್ 29.8, 30.1 ಎಂದು ಕುಣಿದರೆ ಮೋಟಾರೂ ಕುಣಿಯುತ್ತದೆ. 28ಕ್ಕೆ ಆನ್, 36ಕ್ಕೆ ಆಫ್ ಅನ್ನುವ ಹಾಗೆ ನಡುವೆ ಜಾಗ ಬಿಡಿ. ಒಮ್ಮೆ ನಿಂತ ಮೇಲೆ ಇಂತಿಷ್ಟು ನಿಮಿಷ ಏಳಬಾರದು ಅಂತಲೂ ಸೇರಿಸಿ. ಶುರುವಾಗುವಾಗ ಮೋಟಾರು ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಹೀಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ, ಬೈಗುಳ ನಿಮಗೆ. ಸರ್ವರ್ ಲೋಕದಲ್ಲಿ ಲೋಡಿಗೆ ತಕ್ಕಂತೆ ಪ್ರೋಗ್ರಾಮಿನ ಪ್ರತಿಗಳನ್ನು ಹೆಚ್ಚು-ಕಡಿಮೆ ಮಾಡುವ ಕುಬರ್ನೆಟೀಸ್ ಎಂಬ ಸಾಫ್ಟ್‌ವೇರ್ ಕೂಡ ಹೀಗೇ ಜಾಗ ಬಿಟ್ಟು, ಕಾದು ನಡೆಯುತ್ತದೆ. ಬೇರೆ ಏನೂ ಹೇಳದಿದ್ದರೆ ಅದು ಗುರಿಯಿಂದ 10% ಒಳಗಿನ ಏರಿಳಿತಕ್ಕೆ ಕದಲುವುದಿಲ್ಲ, ಲೋಡ್ ಇಳಿದ ಮೇಲೂ 5 ನಿಮಿಷ ಕಾದು ನೋಡುತ್ತದೆ.

ಇನ್ನು ಕೋಡು. ಮೋಟಾರು ಓಡಿಸುವ ಭಾಗ ಬೇರೆ, ತೀರ್ಮಾನ ಮಾಡುವ ಭಾಗ ಬೇರೆ ಇರಲಿ. ತಾನೇ ಹೊಂದಿಕೊಳ್ಳುವ ಸಾಫ್ಟ್‌ವೇರ್‌ಗೆಂದು ಐಬಿಎಂ ಕಂಪನಿಯ ಸಂಶೋಧಕರಾದ ಕೆಫಾರ್ಟ್ ಮತ್ತು ಚೆಸ್ 2003ರಲ್ಲಿ ವಿವರಿಸಿದ, ಮತ್ತೆ ಮತ್ತೆ ನಡೆಯುವ ಹೆಜ್ಜೆಗಳ ಸುತ್ತು ಇವತ್ತಿಗೂ ಬಳಕೆಯಲ್ಲಿದೆ. ಗಮನಿಸು, ವಿಶ್ಲೇಷಿಸು, ಯೋಜಿಸು, ಜಾರಿ ಮಾಡು. ನಾಲ್ಕಕ್ಕೂ ಮಾಹಿತಿಯ ಕಣಜ ಒಂದೇ. ಗದ್ದೆ ಬದಿಯ ತೋಟದ ಅಂಕಿ, ಗುಡ್ಡದ ಬುಡದ ಜಂಬಿಟ್ಟಿಗೆ ಮಣ್ಣಿನ ಅಂಕಿ ಎಲ್ಲ ಆ ಕಣಜಕ್ಕೆ ಹೋಗಲಿ, ಕೋಡಿಗಲ್ಲ. ಅದರ ಮೇಲೆ ನಿಧಾನದ ಇನ್ನೊಂದು ಸುತ್ತು ಇಡಿ. ವಾರಕ್ಕೊಮ್ಮೆ ಮಣ್ಣು ಎಷ್ಟು ಬೇಗ ಒಣಗಿತು ನೋಡಿ, 28-36ನ್ನು ಸ್ವಲ್ಪ ಆಚೀಚೆ ಮಾಡುವುದಷ್ಟೇ ಅದರ ಕೆಲಸ.

ಆದರೆ ಕೆಲವನ್ನು ಆ ಮೇಲಿನ ಸುತ್ತು ಮುಟ್ಟಲೇಬಾರದು. ಬಾವಿ ಬತ್ತಿದರೆ ನಿಲ್ಲಬೇಕು. ಸ್ಟಾರ್ಟರಿನಲ್ಲಿ ಯಾರಾದರೂ ಕೈಯಾರೆ ಆಫ್ ಮಾಡಿದ್ದರೆ ಸಾಫ್ಟ್‌ವೇರ್ ಮತ್ತೆ ಆನ್ ಮಾಡಕೂಡದು. ಅಲ್ಲಿ ಯಾರೋ ಪಂಪು ಬಿಚ್ಚಿಕೊಂಡು ಕೂತಿರಬಹುದು! ನನ್ನ ಪ್ರಕಾರ ಏನು ಬದಲಾಗಬಹುದು ಅನ್ನುವುದಕ್ಕಿಂತ ಮೊದಲು ಈ ಪಟ್ಟಿ ಬರೆಯಿರಿ.

ಗಂಟೆಗಟ್ಟಲೆ ನೀರು ಬಿಟ್ಟರೂ ಅಂಕಿ ಅಲುಗದಿದ್ದರೆ ಸೆನ್ಸರ್ ನಂಬಬೇಡಿ. ಟೈಮರ್ ಲೆಕ್ಕಕ್ಕೆ ಇಳಿದು, ತೋಟದವರಿಗೆ ಮೆಸೇಜ್ ಹೋಗಲಿ.

ಏಪ್ರಿಲ್-ಮೇ ಗುಡುಗು ಮಳೆಗೆ ನಿಮ್ಮ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ, ಅಲ್ವಾ? ಹಾಗಾಗಿ ಮೋಟಾರು ಆನ್-ಆಫ್ ಮಾಡುವ ಒಳಗಿನ ಸುತ್ತು ತೋಟದ ಪೆಟ್ಟಿಗೆಯಲ್ಲೇ ಓಡಲಿ, ಸರ್ವರ್‌ನಿಂದ ಅಂಕಿಗಳು ಮಾತ್ರ ಬರಲಿ. ಕರೆಂಟು ವಾಪಸ್ ಬಂದ ಕೂಡಲೇ ಊರಿನ ಮೋಟಾರುಗಳೆಲ್ಲ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರಿಗೆ ಕಷ್ಟ. ಒಂದೊಂದು ಪೆಟ್ಟಿಗೆಗೂ ಬೇರೆ ಬೇರೆ ಕಾಯುವ ಸಮಯ ಕೊಡಿ.