11 ಪಂದ್ಯ, 550 ಪಾಯಿಂಟ್, ಎದುರಾಳಿಗಳಿಗೆ ಸೊನ್ನೆ

ಪ್ರಶ್ನೆ: 1901ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಇಡೀ ಸೀಸನ್‌ನಲ್ಲಿ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡಲಿಲ್ಲ ಅಂತ ಓದಿದೆ. ನಿಜವೇ? ಎದುರಿಗೆ ಬಂದವರೆಲ್ಲ ಸಪ್ಪೆ ತಂಡಗಳೇ ಇದ್ದಿರಬೇಕು, ಅಲ್ವಾ?

ಉತ್ತರ: ಪೂರ್ತಿ ನಿಜ. 11 ಪಂದ್ಯ ಆಡಿದರು, 11ನ್ನೂ ಗೆದ್ದರು. ಒಟ್ಟು 550 ಪಾಯಿಂಟ್ ಹೊಡೆದರು, ಬಿಟ್ಟುಕೊಟ್ಟಿದ್ದು ಸೊನ್ನೆ. ಇದು ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳನ್ನು ನುಗ್ಗಿಕೊಂಡು ಓಡುವ ಅಮೆರಿಕನ್ ಫುಟ್‌ಬಾಲ್.

ಸಪ್ಪೆ ತಂಡಗಳು ಇರಲಿಲ್ಲ ಅಂತ ಹೇಳುವುದಿಲ್ಲ. ಬೆಲಾಯ್ಟ್ ವಿರುದ್ಧ 89-0, ಬಫಲೋ ವಿರುದ್ಧ 128-0. ಎಲ್ಲರೂ ಈ 128ರ ಬಗ್ಗೆಯೇ ಮಾತಾಡುತ್ತಾರೆ, ನನಗೆ ಮಾತ್ರ ಅದು ಅಷ್ಟು ದೊಡ್ಡದು ಅನ್ನಿಸುವುದಿಲ್ಲ. ಕಾರ್ಲೈಲ್ ವಿರುದ್ಧ 22-0, ಒಹಾಯೊ ಸ್ಟೇಟ್ ವಿರುದ್ಧ ಅವರದೇ ಊರು ಕೊಲಂಬಸ್‌ನಲ್ಲಿ 21-0, ಷಿಕಾಗೋ ವಿರುದ್ಧ 22-0. ಈ ಮೂರನ್ನು ನೋಡಿ. ಇಲ್ಲಿ ಸುಲಭವಾಗಿ ಗೆದ್ದಿಲ್ಲ, ಆದರೂ ಎದುರಿನವರ ಲೆಕ್ಕ ತೆರೆಯಲು ಬಿಡಲಿಲ್ಲ. ಆ ತಂಡದ ನಿಜವಾದ ತಾಕತ್ತು ಇಲ್ಲೇ ಕಾಣುತ್ತದೆ.

ಪ್ರಶ್ನೆ: ಅದು ಹೇಗೆ ಸಾಧ್ಯವಾಯಿತು? ಆಗಿನ ನಿಯಮಗಳೇ ಹಾಗಿದ್ದವಾ?

ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಆಗ ಮೂರು ಪ್ರಯತ್ನದಲ್ಲಿ 5 ಗಜ ಮುಂದೆ ಹೋದರೆ ಚೆಂಡು ನಿಮ್ಮಲ್ಲೇ ಉಳಿಯುತ್ತಿತ್ತು. ಈಗ ನಾಲ್ಕು ಪ್ರಯತ್ನದಲ್ಲಿ 10 ಗಜ. ಚೆಂಡನ್ನು ಮುಂದಕ್ಕೆ ಎಸೆಯುವ ಫಾರ್ವರ್ಡ್ ಪಾಸ್‌ಗೆ ಅನುಮತಿ ಸಿಕ್ಕಿದ್ದೇ 1906ರಲ್ಲಿ. ಅಂದರೆ ಎಲ್ಲವೂ ಮೈಮೇಲೆ ಬಿದ್ದು ಗಜ ಗಜ ಗೆಲ್ಲುವ ಆಟ, ಅದರಲ್ಲಿ ಗಟ್ಟಿ ತಂಡದ ಕೈಗೆ ಚೆಂಡು ಸಿಕ್ಕಿದರೆ ಕಿತ್ತುಕೊಳ್ಳುವುದು ಬಹಳ ಕಷ್ಟ. ಆದರೆ ಇನ್ನೊಂದು ಮುಖವೂ ಇದೆ. ಚೆಂಡನ್ನು ಎದುರಿನವರ ಗೋಲ್ ಗೆರೆ ದಾಟಿಸುವ ಟಚ್‌ಡೌನ್‌ಗೆ ಆಗ 5 ಪಾಯಿಂಟ್, ಚೆಂಡನ್ನು ಗೋಲ್ ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೂ 5! ಯಾರಾದರೂ ಒಂದು ಸಲ ನೆಟ್ಟಗೆ ಒದ್ದಿದ್ದರೂ ಸಾಕು, ಈ ಸೊನ್ನೆ ಮುಗಿದುಹೋಗುತ್ತಿತ್ತು. 11 ಪಂದ್ಯದಲ್ಲಿ ಒಬ್ಬರಿಗೂ ಅದು ಆಗಲಿಲ್ಲ. ಹಾಗಾಗಿ ನಿಯಮದಿಂದಲೇ ಎಲ್ಲ ಆಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ದೊಡ್ಡ ಕಾರಣ ಕೋಚ್ ಫೀಲ್ಡಿಂಗ್ ಯೋಸ್ಟ್. ಮಿಷಿಗನ್‌ನಲ್ಲಿ ಅದು ಅವರ ಮೊದಲ ವರ್ಷ. ಜನ ಅವರನ್ನು ಹರಿ-ಅಪ್ ಯೋಸ್ಟ್ ಅಂತಲೇ ಕರೆಯುತ್ತಿದ್ದರು, ಸುಮ್ನೆ ಅಲ್ಲ. ಒಂದು ಪ್ರಯತ್ನ ಮುಗಿದು ಎದುರಿನವರು ನೆಲದಿಂದ ಏಳುವಷ್ಟರಲ್ಲಿ ಇವರ ಮುಂದಿನ ಪ್ರಯತ್ನ ಶುರುವಾಗಬೇಕಿತ್ತು. ಜೊತೆಗೆ ಚೆಂಡು ಹಿಡಿದು ಓಡಲು ಹಾಫ್‌ಬ್ಯಾಕ್ ವಿಲ್ಲಿ ಹೆಸ್ಟನ್, ಫುಲ್‌ಬ್ಯಾಕ್ ನೀಲ್ ಸ್ನೋ ಅಂಥ ಹುಡುಗರು. ದಾಳಿ ಮಾಡಿದವರೇ ರಕ್ಷಣೆಗೂ ನಿಲ್ಲಬೇಕಾದ ಕಾಲ ಅದು. ಆ ವೇಗದಲ್ಲಿ ಆಡಿ ಮತ್ತೆ ತಡೆಯಲು ನಿಲ್ಲುವುದು ಅಂದರೆ ಎಷ್ಟು ದಮ್ಮು ಬೇಕು ಯೋಚಿಸಿ.

ಪ್ರಶ್ನೆ: ಹೊಸ ವರ್ಷಕ್ಕೆ ನಡೆಯುವ ದೊಡ್ಡ ಕಾಲೇಜು ಫುಟ್‌ಬಾಲ್ ಪಂದ್ಯ ರೋಸ್ ಬೌಲ್ ಇದೆಯಲ್ಲ, ಅದನ್ನು ಮೊದಲ ಸಲ ಆಡಿದ್ದೂ ಇದೇ ತಂಡವೇ?

ಉತ್ತರ: ಇದೇ ತಂಡ. 1902ರ ಜನವರಿ 1, ಕ್ಯಾಲಿಫೋರ್ನಿಯಾದ ಪ್ಯಾಸಡೀನಾ, ಎದುರಿಗೆ ಸ್ಟ್ಯಾನ್‌ಫರ್ಡ್. ಹಿಂದಿನ ವರ್ಷ, 1900ರಲ್ಲಿ, ಸ್ಟ್ಯಾನ್‌ಫರ್ಡ್ ತಂಡದ ಕೋಚ್ ಆಗಿದ್ದವರು ಇದೇ ಯೋಸ್ಟ್! ಅರ್ಧ ಆಟ ಮುಗಿದಾಗ 17-0 ಇತ್ತು, ಸ್ಟ್ಯಾನ್‌ಫರ್ಡ್ ಗಟ್ಟಿಯಾಗಿಯೇ ನಿಂತಿತ್ತು. ಆಮೇಲೆ ಸುಸ್ತಾದರು, ಗಾಯಗೊಂಡರು. ಸ್ನೋ ಒಬ್ಬರೇ ಐದು ಟಚ್‌ಡೌನ್ ಹೊಡೆದರು. 49-0 ಆದಾಗ, ಇನ್ನೂ 8 ನಿಮಿಷ ಬಾಕಿ ಇರುವಾಗಲೇ, ಸ್ಟ್ಯಾನ್‌ಫರ್ಡ್ ನಾಯಕ ಆಟ ನಿಲ್ಲಿಸೋಣ ಅಂದರು. ಮಿಷಿಗನ್ ಒಪ್ಪಿತು. ಪಂದ್ಯ ಅಷ್ಟು ಏಕಪಕ್ಷೀಯವಾಗಿದ್ದರಿಂದ ಸಂಘಟಕರು ಮುಂದಿನ ವರ್ಷ ಫುಟ್‌ಬಾಲ್ ಬಿಟ್ಟು ಪೋಲೋ ಇಟ್ಟರು, ಆಮೇಲೆ ರಥದ ಓಟ ಬಂತು. ಫುಟ್‌ಬಾಲ್ ವಾಪಸ್ ಬಂದಿದ್ದು 1916ರಲ್ಲಿ.

ಪ್ರಶ್ನೆ: ಕೊನೆಗೆ ಇವರನ್ನು ಸೋಲಿಸಿದ್ದು ಯಾರು?

ಉತ್ತರ: ಷಿಕಾಗೋ, ಅದೂ 1905ರ ನವೆಂಬರ್ 30ರಂದು. ಅಲ್ಲಿವರೆಗೆ ಯೋಸ್ಟ್ ಅವರ ಮಿಷಿಗನ್ ಸೋತೇ ಇರಲಿಲ್ಲ, 1903ರಲ್ಲಿ ಮಿನೆಸೋಟ ವಿರುದ್ಧ 6-6ರ ಒಂದು ಡ್ರಾ ಬಿಟ್ಟರೆ ಬರೀ ಗೆಲುವು. 1905ರಲ್ಲೂ ಹಿಂದಿನ 12 ಪಂದ್ಯಗಳಲ್ಲಿ ಒಂದೂ ಪಾಯಿಂಟ್ ಕೊಟ್ಟಿರಲಿಲ್ಲ. ಈ ಪಂದ್ಯದಲ್ಲಿ ಯಾರೂ ಟಚ್‌ಡೌನ್ ಹೊಡೆಯಲಿಲ್ಲ. ಚೆಂಡು ಹಿಡಿದಿದ್ದ ಮಿಷಿಗನ್ ಆಟಗಾರನನ್ನು ಅವನದೇ ಗೋಲ್ ಗೆರೆಯ ಹಿಂದೆ ಕೆಡವಿದರು. ಅದಕ್ಕೆ ಸೇಫ್ಟಿ ಅನ್ನುತ್ತಾರೆ, 2 ಪಾಯಿಂಟ್. ಷಿಕಾಗೋ 2, ಮಿಷಿಗನ್ 0.